ಹೊಳೆಯ ಹೆಸರು ಕಡತಕ್ಕೆ ಬರಲಿ: ಊರ ಕಾಡು, ನೀರಿಗೆ ಕಾನೂನಿನ ಕಾವಲು ಪಡೆಯುವ ದಾರಿ

ನಮ್ಮ ತೋಟದ ಕೆಳಗೆ ಹರಿಯುವ ಹಳ್ಳಕ್ಕೆ ಎರಡು ಹೆಸರಿದೆ. ಮೇಲಿನ ಊರಿನವರು ಕರೆಯುವುದು ಒಂದು, ಕೆಳಗಿನವರು ಕರೆಯುವುದು ಇನ್ನೊಂದು. ಗ್ರಾಮ ನಕಾಶೆಯಲ್ಲಿ ನೋಡಿದರೆ ಹೆಸರೇ ಇಲ್ಲ. ಎರಡು ಗೆರೆ, ಅಷ್ಟೇ. ಇದು ಗೊತ್ತಿಲ್ಲದೆ ಕೆಲವು ವರ್ಷಗಳ ಹಿಂದೆ ಊರಿನ ಅರವತ್ತು ಜನ ಸಹಿ ಹಾಕಿ, "ನಮ್ಮ ಹಳ್ಳವನ್ನೂ ಅದರ ಮೇಲಿನ ಶೋಲಾ ಕಾಡನ್ನೂ ಉಳಿಸಿಕೊಡಿ" ಅಂತ ಮನವಿ ಕೊಟ್ಟೆವು. ಮೂರು ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ ಬಂತು. ನಿರ್ದಿಷ್ಟ ವಿವರ ಇಲ್ಲದ ಕಾರಣ ಕ್ರಮ ಕೈಗೊಳ್ಳಲು ಸಾಧ್ಯವಿಲ್ಲ, ಅಂತ. ಆವತ್ತು ತುಂಬಾ ಸಿಟ್ಟು ಬಂತು. ಆಮೇಲೆ ಕೂತು ನಮ್ಮದೇ ಮನವಿ ಓದಿದಾಗ ಅರ್ಥವಾಯಿತು. ಯಾವ ಗ್ರಾಮ, ಯಾವ ಸರ್ವೆ ನಂಬರ್, ಎಷ್ಟು ಎಕರೆ, ಯಾವ ಕಾಯಿದೆಯಡಿ ಏನು ಮಾಡಬೇಕು, ಒಂದನ್ನೂ ನಾವು ಬರೆದಿರಲಿಲ್ಲ.

ಆ ತಪ್ಪು ನಿಮ್ಮಿಂದ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸಕಲೇಶಪುರ, ಆಲೂರು, ಬೇಲೂರಿನಿಂದ ಹಿಡಿದು ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯವರೆಗೆ ಇಂಥ ಹಳ್ಳ ಇಲ್ಲದ ಊರು ಸಿಗುವುದು ಕಷ್ಟ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಗಂಗಾಮೂಲದ ತುಂಗೆ ಮತ್ತು ಭದ್ರೆ, ಬಾಬಾಬುಡನ್‌ಗಿರಿ ಕಡೆಯ ಯಗಚಿ ಮತ್ತು ವೇದಾವತಿ, ಎಲ್ಲವೂ ಕಾಡಿನೊಳಗಿನ ಸಣ್ಣ ಹಳ್ಳಗಳಿಂದಲೇ ತುಂಬಿಕೊಳ್ಳುತ್ತವೆ.

ಕಾನೂನು, ಕಡತ ಅಂದರೆ ನಮ್ಮ ಕಡೆ ನಂಬಿಕೆ ಕಡಿಮೆ. "ಅದೆಲ್ಲ ದೊಡ್ಡವರ ಆಟ, ಸುಮ್ನೆ ಓಡಾಟ" ಅನ್ನುತ್ತಾರೆ. ಅಂಥವರಿಗೆ ನಾನು ಕುದುರೆಮುಖದ ಕಥೆ ಹೇಳುತ್ತೇನೆ. ಭದ್ರೆಯ ನೆತ್ತಿಯ ಮೇಲೆ ಕಬ್ಬಿಣದ ಅದಿರಿನ ಗಣಿ ಇತ್ತು. ಕೇಂದ್ರ ಸರ್ಕಾರದ್ದೇ ಕಂಪನಿ, ಅದಕ್ಕಾಗಿಯೇ ಕಟ್ಟಿದ ಪಟ್ಟಣ. ಗುತ್ತಿಗೆ 1999ರಲ್ಲಿ ಮುಗಿದರೂ ಗಣಿ ಮುಂದುವರಿದಿತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಅವರ ಕೈಯಲ್ಲಿ ಇದ್ದದ್ದು ಏನು? ರಾಷ್ಟ್ರೀಯ ಉದ್ಯಾನದ ಅಧಿಸೂಚನೆ, ಅರಣ್ಯ ಕಾಯಿದೆ, ಗಣಿಯಿಂದ ಮಳೆಗಾಲದಲ್ಲಿ ಭದ್ರೆಗೆ ಸೇರುವ ಹೂಳಿನ ಅಳತೆ. ಎಲ್ಲವೂ ಕಾಗದ. ಆ ಕಾಗದ ಇಲ್ಲದಿದ್ದರೆ ಇವತ್ತಿಗೂ ಅಲ್ಲಿ ಬೆಟ್ಟ ಕರಗುತ್ತಲೇ ಇರುತ್ತಿತ್ತು ಅಂತ ನನ್ನ ನಂಬಿಕೆ.

ಮೊದಲ ಕೆಲಸ: ನಕಾಶೆ ಮುಂದಿಟ್ಟುಕೊಂಡು ಕೂರಿ

ಸಂಘ ಕಟ್ಟುವುದು, ಬ್ಯಾನರ್ ಬರೆಸುವುದು, ವಾಟ್ಸಾಪ್ ಗುಂಪು ಮಾಡುವುದು ಎಲ್ಲ ಆಮೇಲೆ. ಮೊದಲು ಗ್ರಾಮ ನಕಾಶೆ ತನ್ನಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ತಾಲ್ಲೂಕಿನ ಸರ್ವೆ ಶಾಖೆಯಲ್ಲಿ ಕೇಳಿದರೂ ಸಿಗುತ್ತದೆ. ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಅದು ತೋರಿಸುತ್ತದೆ. ಕಾಡಿನೊಳಗೆ ನೆಟ್‌ವರ್ಕ್ ಸಿಗದ ಕಡೆ ಜಾಗದ ಅಕ್ಷಾಂಶ, ರೇಖಾಂಶ ಬರೆದುಕೊಂಡು ಬಂದು ಮನೆಯಲ್ಲಿ ನೋಡಿ.

ಈಗ ಹಳ್ಳದ ಗುಂಟ ನಡೆಯಿರಿ. ಹುಟ್ಟುವ ಜಾಗದಿಂದ ದೊಡ್ಡ ಹೊಳೆಗೆ ಸೇರುವ ಜಾಗದವರೆಗೆ. ಇಬ್ಬರು ಹಿರಿಯರು, ಇಬ್ಬರು ಹುಡುಗರು ಜೊತೆಗಿರಲಿ. ಹಿರಿಯರಿಗೆ ಗುಂಡಿಗಳ ಹೆಸರು, ಬನಗಳ ಹೆಸರು ಗೊತ್ತಿರುತ್ತದೆ, ಹುಡುಗರಿಗೆ ಮೊಬೈಲ್ ಗೊತ್ತಿರುತ್ತದೆ. ನಾವು ಹಾಗೆ ಹೋದಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನೇರಳೆ ಮರದ ಬುಡದಲ್ಲಿ ನಿಂತು, "ಇಲ್ಲಿಂದ ಮೇಲೆ ನಾವು ಸೌದೆಗೂ ಹೋಗ್ತಿರಲಿಲ್ಲ, ಚೌಡಿ ಬನ ಇದು" ಅಂದರು. ಆ ಬನ ಯಾವ ದಾಖಲೆಯಲ್ಲೂ ಇರಲಿಲ್ಲ. ನಾವು ಬರೆದುಕೊಂಡೆವು, ಅವರ ಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿಕೊಂಡೆವು.

ನಡೆದು ಬಂದ ಮೇಲೆ ಪ್ರತಿ ಸರ್ವೆ ನಂಬರಿನ ಪಹಣಿ ತೆಗೆದು ನೋಡಿ. ಜಾಗ ಯಾರದ್ದು ಅನ್ನುವುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಕರ್ನಾಟಕ ಅರಣ್ಯ ಕಾಯಿದೆ 1963ರ ಸೆಕ್ಷನ್ 17 ಆಗಿದ್ದರೆ ಅದು ಪೂರ್ತಿ ಮೀಸಲು ಅರಣ್ಯ. ಸೆಕ್ಷನ್ 4 ಮಾತ್ರ ಆಗಿದ್ದರೆ, ಸರ್ಕಾರ ಉದ್ದೇಶ ಹೇಳಿದೆ, ಕೆಲಸ ಮುಗಿದಿಲ್ಲ ಅಂತ ಅರ್ಥ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಯಲ್ಲಿ ಎಷ್ಟೋ ಕಾಡು ದಶಕಗಳಿಂದ ಸೆಕ್ಷನ್ 4ರಲ್ಲೇ ಕೂತಿದೆ. ಇನ್ನು ಡೀಮ್ಡ್ ಫಾರೆಸ್ಟ್, ಅಂದರೆ ಅಧಿಸೂಚನೆ ಆಗದಿದ್ದರೂ ಕಾಡಿನ ಲಕ್ಷಣ ಇರುವುದರಿಂದ ಅರಣ್ಯ ಅಂತ ಪರಿಗಣಿಸಿದ ಜಾಗ. ರಾಜ್ಯದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಅಂತ ಪಟ್ಟಿ ಮಾಡಿದ್ದನ್ನು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ನಿಮ್ಮ ಕಾಡು ಉಳಿದ ಪಟ್ಟಿಯಲ್ಲಿದೆಯೋ ಕೈಬಿಟ್ಟ ಪಟ್ಟಿಯಲ್ಲಿದೆಯೋ ತಿಳಿದುಕೊಳ್ಳಲೇಬೇಕು. ಉಳಿದಂತೆ ಗೋಮಾಳ, ಅಮೃತ ಮಹಲ್ ಕಾವಲು (ಆ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು), ಸಿ ಆ್ಯಂಡ್ ಡಿ ಜಮೀನು (ಸಾಗುವಳಿಗೆ ಬಾರದ್ದು ಅಂತ ವರ್ಗ ಮಾಡಿದ ಸರ್ಕಾರಿ ಜಾಗ) ಇರಬಹುದು. ಹಳ್ಳ ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋಗಿದ್ದರೆ ಅದರ ಪಾತ್ರ ಸಾಮಾನ್ಯವಾಗಿ ಬಿ ಖರಾಬು ಅಂತ ಬಿಟ್ಟಿರುತ್ತಾರೆ. ಅದು ಸಾರ್ವಜನಿಕ ಜಾಗ, ಪಕ್ಕದ ತೋಟದವರದ್ದಲ್ಲ.

ಈ ಕೆಲಸಕ್ಕೆ ಎರಡು ತಿಂಗಳು ಹಿಡಿದರೂ ಹಿಡಿಯಲಿ. ಅವಸರ ಬೇಡ.

"ನಮ್ಮ ತೋಟ ಹೋಗುತ್ತಾ?"

ನೀವು ಮೊದಲ ಸಭೆ ಕರೆದಾಗ ಹಿಂದಿನ ಬೆಂಚಿನಿಂದ ಬರುವ ಮೊದಲ ಪ್ರಶ್ನೆ ಇದು. ಇದನ್ನು ಹಗುರವಾಗಿ ತೆಗೆದುಕೊಂಡರೆ ಅಭಿಯಾನ ಅಲ್ಲಿಗೇ ಮುಗಿಯಿತು. ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಅಂತ ಫಾರಂ 50, 53, 57 ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರಿದ್ದಾರೆ. ಸಿ ಆ್ಯಂಡ್ ಡಿ ಜಾಗದಲ್ಲಿ ಎರಡು ಎಕರೆ ಕಾಫಿ ಹಾಕಿ ಬದುಕುತ್ತಿರುವವರಿದ್ದಾರೆ. ಒತ್ತುವರಿ ತೆರವಿನ ನೋಟಿಸ್ ಕಂಡವರಿದ್ದಾರೆ. ಅವರ ಹೆದರಿಕೆ ನಿಜವಾದದ್ದು. ಕಾಡಿನ ಮೇಲೆ ಅವರಿಗೆ ದ್ವೇಷ ಇಲ್ಲ.

ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯ ವಿಷಯದಲ್ಲಿ ಆದದ್ದೂ ಇದೇ. 2013ರ ಆ ವರದಿ ರಾಜ್ಯದ 20,668 ಚದರ ಕಿಲೋಮೀಟರ್ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿತು. ಕೇಂದ್ರದ ಕರಡು ಅಧಿಸೂಚನೆಯಲ್ಲಿ ನಿಷೇಧ ಹೇಳಿದ್ದು ಗಣಿ, ಕಲ್ಲು ಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಆದರೆ ಊರೂರಲ್ಲಿ ಹಬ್ಬಿದ್ದು "ಗೊಬ್ಬರ ಹಾಕೋ ಹಾಗಿಲ್ಲ, ಮನೆ ರಿಪೇರಿ ಮಾಡೋ ಹಾಗಿಲ್ಲ" ಅನ್ನುವ ಮಾತು. ಕರಡನ್ನು ಕನ್ನಡದಲ್ಲಿ ಓದಿ ಹೇಳುವವರು ಯಾರೂ ಊರಿಗೆ ಬರಲಿಲ್ಲ. 2024ರ ಜುಲೈ 31ಕ್ಕೆ ಆರನೇ ಕರಡು ಬಂತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಜನರನ್ನು ಕೇಳದೆ ಮೇಲಿನಿಂದ ಗೆರೆ ಎಳೆದರೆ ಹೀಗಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಇದಕ್ಕೂ ಮೊದಲು ಪಶ್ಚಿಮ ಘಟ್ಟದ ಅಧ್ಯಯನ ಮಾಡಿದ್ದ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲೇ, ಗ್ರಾಮಸಭೆಗಳನ್ನು ಕೇಳಿ ನಿರ್ಧಾರ ಮಾಡಿ ಅಂತ ಹೇಳಿತ್ತು.

ಹಾಗಾಗಿ ನಿಮ್ಮ ಪ್ರಸ್ತಾವದ ಗಡಿ ಎಳೆಯುವಾಗ ಉಳುಮೆ ಇರುವ, ತಕರಾರು ಇರುವ ತುಂಡುಗಳನ್ನು ಹೊರಗಿಡಿ. ಕಾಡಿನ ನಡುಭಾಗ, ಹಳ್ಳದ ಪಾತ್ರ, ಅದರ ಎರಡೂ ದಡ, ಇಷ್ಟಕ್ಕೆ ಗಡಿ ಹಾಕಿ. ಇದನ್ನು ಒಪ್ಪದ ಗೆಳೆಯರು ನನಗಿದ್ದಾರೆ. ಒತ್ತುವರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಯಿತು ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೂ ಊರೇ ಒಪ್ಪಿದ ಮುನ್ನೂರು ಎಕರೆ, ಊರೇ ವಿರೋಧಿಸುವ ಮೂರು ಸಾವಿರ ಎಕರೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನೊಂದು ಮಾತು, ಬೆಳೆಗಾರರಿಗೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ನಾವೇ ಹಳ್ಳಕ್ಕೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಕುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರನ್ನು ಗುಂಡಿಗೆ ಬಿಡದೆ ಹಳ್ಳಕ್ಕೆ ಬಿಡುವವರೂ ನಮ್ಮಲ್ಲಿದ್ದಾರೆ. ಹಳ್ಳ ಕಪ್ಪಾಗಿ, ಹುಳಿ ವಾಸನೆ ಹೊಡೆಯುವುದು ಕೆಳಗಿನ ಊರಿನವರಿಗೆ ಚೆನ್ನಾಗಿ ಗೊತ್ತು. ಹೊರಗಿನ ಯೋಜನೆಯನ್ನು ವಿರೋಧಿಸುವ ಮೊದಲು, ದಿನಕ್ಕೆ ಎಷ್ಟು ಹೊತ್ತು ಮೋಟಾರ್ ಓಡಿಸಬೇಕು, ಪಲ್ಪಿಂಗ್ ನೀರು ಎಲ್ಲಿಗೆ ಹೋಗಬೇಕು ಅಂತ ಊರೊಳಗೇ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಇಲ್ಲದಿದ್ದರೆ ಯೋಜನೆಯ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಯಲ್ಲಿ ಎದುರಿನವರು ಕೇಳುವ ಮೊದಲ ಪ್ರಶ್ನೆಗೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ಲೈನ್ ಮನೆಯ ಕಾರ್ಮಿಕರನ್ನು ಮರೆಯಬೇಡಿ. ಹಳ್ಳದಲ್ಲಿ ಬಟ್ಟೆ ಒಗೆಯುವವರು, ನೀರು ಹೊರುವವರು ಅವರೇ. ಕಾಡಿನ ಮೇಲೆ ಬದುಕು ಕಟ್ಟಿಕೊಂಡ ಮಲೆಕುಡಿಯರಂಥ ಸಮುದಾಯ ಇದ್ದರೆ ಅವರೇ ಮುಂದೆ ಕೂರಲಿ. ಅರಣ್ಯ ಹಕ್ಕು ಕಾಯಿದೆ 2006ರ ಸೆಕ್ಷನ್ 5, ಕಾಡು, ಜಲಾನಯನ, ನೀರಿನ ಮೂಲ ಕಾಪಾಡುವ ಅಧಿಕಾರವನ್ನು ಹಕ್ಕುದಾರರಿಗೆ ಮತ್ತು ಅವರ ಗ್ರಾಮಸಭೆಗೆ ಕೊಟ್ಟಿದೆ.

ಯಾವ ಕಾಯಿದೆಯ ಬಾಗಿಲು ತಟ್ಟಬೇಕು

ಹರಿಯುವ ಹೊಳೆಯನ್ನು ಹರಿಯುವ ಹಾಗೇ ಬಿಡಬೇಕು ಅಂತ ಹೇಳುವ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿ 1968ರಲ್ಲೇ ಅಂಥದ್ದೊಂದು ಮಾಡಿದ್ದಾರೆ. ಪಟ್ಟಿಗೆ ಸೇರಿದ ನದಿಭಾಗಕ್ಕೆ ಅಲ್ಲಿ ಹೊಸ ಅಣೆಕಟ್ಟು ಕಟ್ಟುವ ಹಾಗಿಲ್ಲ. ನಮಗೂ ಅಂಥದ್ದು ಬೇಕು ಅಂತ ಕೇಳುತ್ತಲೇ ಇರೋಣ. ಆದರೆ ಅದು ಬರುವವರೆಗೆ ಕಾಯಬೇಕಿಲ್ಲ. ಇರುವ ಕಾಯಿದೆಗಳಡಿ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಅದಕ್ಕೂ ಕಾನೂನಿನ ಬಲವೇ ಇರುತ್ತದೆ.

ಸರ್ಕಾರಿ ಜಾಗವಾದರೆ ನನ್ನ ಮೊದಲ ಆಯ್ಕೆ ಸಂರಕ್ಷಣಾ ಮೀಸಲು. ವನ್ಯಜೀವಿ ಕಾಯಿದೆ 1972ಕ್ಕೆ 2002ರಲ್ಲಿ ಸೇರಿಸಿದ ಸೆಕ್ಷನ್ 36ಎ ಇದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಅಂಚಿನ ಜಾಗಕ್ಕೆ, ಅವುಗಳನ್ನು ಒಂದಕ್ಕೊಂದು ಕೂಡಿಸುವ ಕಾಡಿಗೆ ಇದು ಹೇಳಿ ಮಾಡಿಸಿದ್ದು. ಘೋಷಿಸುವ ಮೊದಲು ಸ್ಥಳೀಯರನ್ನು ಕೇಳಲೇಬೇಕು ಅಂತ ಸೆಕ್ಷನ್ನಿನಲ್ಲೇ ಇದೆ. ಮುಂದಿನ 36ಬಿ ಪ್ರಕಾರ ನಿರ್ವಹಣಾ ಸಮಿತಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಸ್ಥಾನ ಇರುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಹೀಗೇ ಸಂರಕ್ಷಣಾ ಮೀಸಲಾಯಿತು. ಕೃಷ್ಣಮೃಗ ಓಡಾಡುವ ಹುಲ್ಲುಗಾವಲು ಅದು. ಒಮ್ಮೆ ಹೋಗಿ ಬನ್ನಿ, ಸುತ್ತಲಿನ ಊರಿನವರನ್ನು ಮಾತಾಡಿಸಿ. ಭಾಷಣಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ಜಾಗ ನಿಮ್ಮದೇ ಅಥವಾ ಸಮುದಾಯದ್ದಾದರೆ, ನೀವಾಗಿಯೇ ಮುಂದೆ ಬಂದು 36ಸಿ ಅಡಿ ಸಮುದಾಯ ಮೀಸಲು ಮಾಡಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಆ ಬಗೆಯದ್ದು.

ಎರಡನೆಯ ಬಾಗಿಲು ಜೀವವೈವಿಧ್ಯ ಕಾಯಿದೆ 2002. ಅದರ ಸೆಕ್ಷನ್ 37ರಲ್ಲಿ ಪಾರಂಪರಿಕ ತಾಣ ಅಂತ ಘೋಷಿಸಬಹುದು. ಇದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಕಡೆಯ ಹೊಗ್ರೇಕಾನು, ಸುಮಾರು 2,500 ಎಕರೆಯ ಶೋಲಾ ಮತ್ತು ಹುಲ್ಲುಗಾವಲು, 2010ರಲ್ಲಿ ಪಾರಂಪರಿಕ ತಾಣವಾಯಿತು. ದೇವರ ಬನ, ಹಳೆಯ ಕಾನು, ಅಪರೂಪದ ಗಿಡಮರ ಇರುವ ಸಣ್ಣ ಜಾಗಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ ಇದೇ ಕಾಯಿದೆ ಹೇಳುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಅದರ ಸದಸ್ಯರು ಯಾರು ಅಂತ ಪಿಡಿಒ ಅವರನ್ನು ಕೇಳಿ. ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಅದನ್ನು ಎಬ್ಬಿಸುವುದೇ ನಿಮ್ಮ ಮೊದಲ ಗೆಲುವು.

ದೊಡ್ಡ ನದಿಯ ಉದ್ದನೆಯ ಭಾಗಕ್ಕಾದರೆ ಪರಿಸರ ಸಂರಕ್ಷಣಾ ಕಾಯಿದೆ 1986ರಡಿ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ವಲಯ ಘೋಷಿಸಬಹುದು. ಉತ್ತರಾಖಂಡದ ಗೋಮುಖದಿಂದ ಉತ್ತರಕಾಶಿವರೆಗೆ ಭಾಗೀರಥಿಗೆ 2012ರಲ್ಲಿ ಹೀಗೆ ಮಾಡಿದರು. ಸಣ್ಣ ಮಟ್ಟಿಗೆ ಮತ್ಸ್ಯಧಾಮದ ದಾರಿಯೂ ಇದೆ, ಅದಕ್ಕೆ ಮೀನುಗಾರಿಕೆ ಇಲಾಖೆಯನ್ನು ಕಾಣಬೇಕು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಯಾರೂ ಬಲೆ ಹಾಕುವುದಿಲ್ಲ, ಅಲ್ವಾ? ಅಂಥ ನಂಬಿಕೆ ಇರುವ ಗುಂಡಿ ನಿಮ್ಮ ಹೊಳೆಯಲ್ಲೂ ಇದ್ದರೆ ಅದನ್ನೇ ಹಿಡಿದುಕೊಂಡು ಹೊರಡಿ.

ಒಂದು ನೋಟ್‌ಬುಕ್, ಒಂದು ಪೇಂಟ್ ಡಬ್ಬಿ

ದಾಖಲೆ ಅಂದ ತಕ್ಷಣ ವಿಜ್ಞಾನಿಗಳೇ ಬರಬೇಕು ಅಂತಿಲ್ಲ. ನಾವು ಮಾಡಿದ್ದು ಇಷ್ಟು. ಹಳ್ಳದ ಕಿರುಸೇತುವೆಯ ಕಂಬಕ್ಕೆ ಬುಡದಿಂದ ಹತ್ತು ಸೆಂಟಿಮೀಟರಿಗೊಂದರಂತೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆವು. ಅದಕ್ಕೆ ಮೊದಲು ಪಂಚಾಯಿತಿಗೆ ಹೇಳಿ ಒಪ್ಪಿಗೆ ತೆಗೆದುಕೊಂಡೆವು. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಪ್ರತಿ ಭಾನುವಾರ ಬೆಳಗ್ಗೆ ನೀರು ಯಾವ ಗೆರೆಯಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಜೊತೆಗೆ ತಾರೀಕು ಬರುವ ಹಾಗೆ ಒಂದು ಫೋಟೊ. ಜುಲೈಯಲ್ಲಿ ಗೆರೆಗಳೆಲ್ಲ ಮುಳುಗಿ ಕಂಬವೇ ಕಾಣುವುದಿಲ್ಲ. ಮಾರ್ಚ್ ಕೊನೆಗೆ ಮೊದಲ ಗೆರೆಗೂ ನೀರು ಮುಟ್ಟುವುದಿಲ್ಲ. "ವರ್ಷಪೂರ್ತಿ ಹೇರಳ ನೀರಿದೆ" ಅಂತ ಯಾರಾದರೂ ಯೋಜನಾ ವರದಿಯಲ್ಲಿ ಬರೆದರೆ ತೋರಿಸಲು ನಮ್ಮ ಹತ್ತಿರ ಈ ನೋಟ್‌ಬುಕ್ ಇದೆ.

ಹಾಗೇ ಹಕ್ಕಿ, ಮೀನು, ಕಪ್ಪೆ, ಮರ, ಆನೆ ದಾಟುವ ದಾರಿ. ಸ್ಥಳೀಯ ಹೆಸರಲ್ಲೇ ಬರೆಯಿರಿ, ಫೋಟೊ ಇಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೇಷ್ಟ್ರುಗಳಿಗೆ ತೋರಿಸಿದರೆ ಶಾಸ್ತ್ರೀಯ ಹೆಸರು ಸೇರಿಸಿಕೊಡುತ್ತಾರೆ. ಈ ಪಟ್ಟಿ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕಕ್ಕೆ ಸೇರುವಂತೆ ನೋಡಿಕೊಳ್ಳಿ. ಅಲ್ಲಿ ಸೇರಿದರೆ ಅದು ಸರ್ಕಾರಿ ದಾಖಲೆ.

ಗ್ರಾಮಸಭೆಯ ನಿರ್ಣಯ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಒಂದು ಹಾಳೆ ಇದು. ಗ್ರಾಮಸಭೆ ಯಾವಾಗ ಅಂತ ಮೊದಲೇ ತಿಳಿದು, ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಫಿ ಕುಯ್ಲಿನ ಡಿಸೆಂಬರ್, ಜನವರಿಯಲ್ಲಿ ಜನ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟ್ ಇರುವುದಿಲ್ಲ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ.

ಸಭೆಗೆ ಹೋಗುವಾಗ ನಿರ್ಣಯವನ್ನು ಬರೆದುಕೊಂಡೇ ಹೋಗಿ. ಅಲ್ಲಿ ಬರೆಯೋಣ ಅಂದರೆ "ಪರಿಸರ ಸಂರಕ್ಷಣೆ ಬಗ್ಗೆ ಚರ್ಚಿಸಲಾಯಿತು" ಅಂತ ಒಂದು ಸಾಲಿನಲ್ಲಿ ಮುಗಿಯುತ್ತದೆ. ಹೀಗಿರಲಿ:

"ನಮ್ಮ ಗ್ರಾಮದ ಸರ್ವೆ ನಂಬರ್ ಇಂತಿಂಥವುಗಳಲ್ಲಿ ಇರುವ ಒಟ್ಟು ಇಷ್ಟು ಎಕರೆ ಸರ್ಕಾರಿ ಅರಣ್ಯ ಹಾಗೂ ಅದರಲ್ಲಿ ಹುಟ್ಟಿ ಹರಿಯುವ, ಇಂಥ ಹೆಸರಿನ ಅಥವಾ ಇಂಥ ಹೆಸರಿನಿಂದ ಕರೆಯಲಾಗುವ ಹಳ್ಳವು ಗ್ರಾಮದ ಇಷ್ಟು ಮನೆಗಳ ಕುಡಿಯುವ ನೀರಿಗೆ ಆಧಾರವಾಗಿದೆ. ಸದರಿ ಪ್ರದೇಶವನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ ಸೆಕ್ಷನ್ 36ಎ ಅಡಿ ಸಂರಕ್ಷಣಾ ಮೀಸಲು ಎಂದು ಘೋಷಿಸುವಂತೆ ಸರ್ಕಾರವನ್ನು ಕೋರಲು ಸಭೆ ತೀರ್ಮಾನಿಸಿತು. ಲಗತ್ತಿಸಿದ ನಕಾಶೆಯಲ್ಲಿ ಗುರುತಿಸಿರುವ ಸಾಗುವಳಿ ಜಮೀನುಗಳು ಈ ಪ್ರಸ್ತಾವದಲ್ಲಿ ಸೇರಿರುವುದಿಲ್ಲ."

ಆ ಕೊನೆಯ ವಾಕ್ಯ ಬಿಡಬೇಡಿ. ನಮ್ಮಲ್ಲಿ ವಿರೋಧ ಇದ್ದ ಹನ್ನೊಂದು ಮನೆಯವರು ಆ ವಾಕ್ಯ ಓದಿದ ಮೇಲೆ ಎದ್ದು ಬಂದು ಸಹಿ ಹಾಕಿದರು. ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಮನೆಗೆ ಹೋಗಬೇಡಿ. ದೃಢೀಕೃತ ನಕಲು ಮರುದಿನವೇ ಕೇಳಿ. ಒಂದೇ ಹೊಳೆಯ ಮೇಲಿನ, ಕೆಳಗಿನ ಪಂಚಾಯಿತಿಗಳಲ್ಲೂ ಇದೇ ನಿರ್ಣಯ ಆದರೆ ತೂಕ ಎರಡು ಪಟ್ಟಾಗುತ್ತದೆ.

ಮನವಿ, ಮಾಹಿತಿ ಹಕ್ಕು

ನಿರ್ಣಯ, ನಕಾಶೆ, ಪಟ್ಟಿ ಸೇರಿಸಿ ಎರಡು ಪುಟದ ಮನವಿ ಮಾಡಿ. ಎರಡಕ್ಕಿಂತ ಜಾಸ್ತಿ ಬೇಡ. ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ), ಡಿಸಿ, ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು, ಮೂವರಿಗೂ ಕೊಡಿ. ಸಂರಕ್ಷಣಾ ಮೀಸಲಿನ ಪ್ರಸ್ತಾವಗಳು ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಹೋಗುತ್ತವೆ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಟಪಾಲಿನಲ್ಲಿ ಮುದ್ರೆ, ತಾರೀಕು ಹಾಕಿಸಿಕೊಂಡ ನಕಲು ಇಲ್ಲದೆ ಕಚೇರಿಯಿಂದ ಹೊರಬರಬೇಡಿ. ಕಡತದ ಸಂಖ್ಯೆ ಬರೆದುಕೊಳ್ಳಿ. ಮುಂದಿನ ಸಲ ಹೋದಾಗ ಆ ಸಂಖ್ಯೆ ಹೇಳಿದರೆ ಕೇಸ್ ವರ್ಕರ್ ಕಡತ ತೆಗೆಯುತ್ತಾರೆ, ಊರಿನ ಹೆಸರು ಹೇಳಿದರೆ ಹುಡುಕುತ್ತಾ ಕೂರುತ್ತಾರೆ.

ತಿಂಗಳೆರಡಾದರೂ ಸದ್ದಿಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ" ಅಂತ ಕೇಳಿ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ವಿಧಾನಸೌಧದ ದಾರಿ

ಶಾಸಕರ ಮನೆ ಮುಂದೆ ಬೆಳಗ್ಗೆ ಕ್ಯೂ ನಿಂತು ಹಾರ ಹಾಕಿ ಬರುವುದರಿಂದ ಫೋಟೊ ಸಿಗುತ್ತದೆ. ಅವರಿಂದ ನಿಮಗೆ ಬೇಕಾದದ್ದು ಸದನದಲ್ಲಿ ಒಂದು ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಸದನದಲ್ಲಿ ಬಾಯಿಬಿಟ್ಟು ಉತ್ತರ ಹೇಳಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ. ಎರಡೂ ದಾಖಲೆಯೇ. ಪ್ರಶ್ನೆಯನ್ನು ನೀವೇ ಟೈಪ್ ಮಾಡಿಸಿ ಕೊಡಿ: "ಇಂಥ ತಾಲ್ಲೂಕಿನಲ್ಲಿ ಸೆಕ್ಷನ್ 4ರ ಹಂತದಲ್ಲಿರುವ ಅರಣ್ಯ ಎಷ್ಟು, ಸೆಕ್ಷನ್ 17 ಮುಗಿಸಲು ಕ್ರಮ ಏನು?" ಅಧಿವೇಶನದ ದಿನ ಗೊತ್ತಾದ ಕೂಡಲೇ ಕೊಡಬೇಕು, ಕೊನೆಯ ವಾರ ಕೊಟ್ಟರೆ ಪ್ರಯೋಜನವಿಲ್ಲ. ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿ ಅಂತಲೂ ಇದೆ. ಸದಸ್ಯರೊಬ್ಬರ ಮೂಲಕ ಅಲ್ಲಿಗೂ ಹೋಗಬಹುದು.

ಹೆಚ್ಚಿನವರು ಮರೆಯುವ ಒಬ್ಬರಿದ್ದಾರೆ, ವಿಧಾನ ಪರಿಷತ್ ಸದಸ್ಯರು. 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗುವಂಥವು. ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರೇ ಅವರ ಮತದಾರರು. ಹತ್ತು ಪಂಚಾಯಿತಿಯ ಸದಸ್ಯರು ಒಟ್ಟಿಗೆ ಹೋಗಿ ಕೇಳಿದರೆ ಅವರು ಕಿವಿಗೊಡಲೇಬೇಕು. ಸಂಸದರ ವಿಷಯದಲ್ಲಿ ಒಂದು ಎಚ್ಚರ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಕ್ಷೇತ್ರ ಹಾಸನ ಲೋಕಸಭೆಗೆ ಸೇರಿದೆ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಕ್ಷೇತ್ರಗಳು ಉಡುಪಿ ಜೊತೆಗಿವೆ. ನಿಮ್ಮವರು ಯಾರು ಅಂತ ನೋಡಿಕೊಂಡು ಹೋಗಿ. 1976ರಿಂದ ಅರಣ್ಯ, ವನ್ಯಜೀವಿ ಎರಡೂ ಸಮವರ್ತಿ ಪಟ್ಟಿಯಲ್ಲಿವೆ, ಹಾಗಾಗಿ ದೆಹಲಿಯಲ್ಲೂ ಪ್ರಶ್ನೆ ಎತ್ತಬೇಕು.

ಅಷ್ಟರಲ್ಲಿ ಯೋಜನೆಯೇ ಬಂದುಬಿಟ್ಟರೆ

ಇಲ್ಲಿ ಕಡತದಲ್ಲಿ ಏನು ಹೆಸರಿಟ್ಟಿದ್ದಾರೆ ಅನ್ನುವುದನ್ನು ಮೊದಲು ನೋಡಿ. 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆ ಪ್ರಕಾರ 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ ಬೇಕಿಲ್ಲ, ಅಹವಾಲು ಸಭೆಯೂ ಇಲ್ಲ. ಅರ್ಜಿಯಲ್ಲಿ 24.75 ಅಂತ ಕಂಡರೆ, ಅದೇ ಹೊಳೆಯ ಸ್ವಲ್ಪ ಕೆಳಗೆ ಇನ್ನೊಂದು ಇದೆಯಾ ಅಂತ ಹುಡುಕಿ, ಮಿತಿ ದಾಟದಿರಲಿ ಅಂತ ಒಂದೇ ಯೋಜನೆಯನ್ನು ತುಂಡು ಮಾಡಿರಬಹುದು. ಎತ್ತಿನಹೊಳೆ ಯೋಜನೆಯನ್ನು ಸಕಲೇಶಪುರದ ಜನ ಕಣ್ಣೆದುರೇ ನೋಡಿದ್ದಾರೆ. 24.01 ಟಿಎಂಸಿ ನೀರು ತಿರುಗಿಸುವ ಯೋಜನೆ ಅದು. ಕುಡಿಯುವ ನೀರಿನದ್ದು ಅಂತ ಪರಿಗಣಿಸಿದ್ದರಿಂದ ಪರಿಸರ ಅನುಮತಿಯ ಪೂರ್ತಿ ಪ್ರಕ್ರಿಯೆಗೆ ಒಳಪಡಲಿಲ್ಲ. ಪ್ರಶ್ನಿಸಿ ಹಸಿರು ನ್ಯಾಯಮಂಡಳಿಗೆ ಹೋದವರಿಗೆ ಜಯ ಸಿಗಲಿಲ್ಲ. ಇದೇ ಹೊಳೆಗಳ ಮೇಲೆ ಬರಬೇಕಿದ್ದ 200 ಮೆಗಾವಾಟ್‌ನ ಗುಂಡ್ಯ ಯೋಜನೆ ಮಾತ್ರ ನಿಂತಿತು. ಜನ ವರ್ಷಗಟ್ಟಲೆ ಹೋರಾಡಿದರು, ಗಾಡ್ಗೀಳ್ ಸಮಿತಿ ಸ್ಥಳಕ್ಕೆ ಬಂದು ನೋಡಿ, ಅನುಮತಿ ಬೇಡ ಅಂತ ಬರೆಯಿತು. ಬೇಗ ಶುರು ಮಾಡಿದವರ ಕೈಯಲ್ಲಿ ಆಯುಧ ಜಾಸ್ತಿ ಇರುತ್ತದೆ.

ಅಹವಾಲು ಸಭೆ ಇದ್ದರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ವರದಿ ಇಟ್ಟಿರುತ್ತಾರೆ, ಕನ್ನಡದ ಸಾರಾಂಶ ಕೇಳಿ ಪಡೆಯಿರಿ. ಹತ್ತು ಜನ ಹತ್ತು ಅಧ್ಯಾಯ ಹಂಚಿಕೊಂಡು ಓದಿ. ಸಭೆಯಲ್ಲಿ ಘೋಷಣೆ ಕೂಗಿ ಮೈಕ್ ಕಿತ್ತುಕೊಂಡರೆ "ಗಲಾಟೆಯಾಯಿತು" ಅಂತ ಮಾತ್ರ ದಾಖಲಾಗುತ್ತದೆ. ನಿಮ್ಮ ಸರದಿ ಬಂದಾಗ ಹೆಸರು, ಊರು ಹೇಳಿ, ವರದಿಯ ಪುಟ ಸಂಖ್ಯೆ ಹೇಳಿ, ಒಂದೇ ವಿಷಯ ಹೇಳಿ: "ಈ ಪುಟದಲ್ಲಿ ಹೊಳೆಯಲ್ಲಿ ಬೇಸಿಗೆಯಲ್ಲೂ ಇಷ್ಟು ನೀರಿದೆ ಎಂದು ಬರೆದಿದ್ದೀರಿ. ಇದು ನಮ್ಮ ಮೂರು ವರ್ಷದ ಭಾನುವಾರದ ಲೆಕ್ಕ. ಇದನ್ನು ನಡಾವಳಿಗೆ ಸೇರಿಸಿ." ಹೇಳಿದ್ದನ್ನು ಬರವಣಿಗೆಯಲ್ಲೂ ಕೊಡಿ. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅದು ನಿಯಮ. ಹೆಚ್ಚಿನವರು ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಐದು ಜನ ಕೊನೆಯವರೆಗೆ ಕೂರಲಿ.

ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಬಂದರೆ ಆಕ್ಷೇಪಣೆಗೆ 60 ದಿನ. ಬೆಂಬಲ ಇದ್ದರೂ ಬರೆಯಿರಿ. ವಿರೋಧದ ಪತ್ರಗಳು ಮೂಟೆಗಟ್ಟಲೆ ಹೋಗುತ್ತವೆ, ಬೆಂಬಲಿಸುವವರು ಸುಮ್ಮನೆ ಕೂತಿರುತ್ತಾರೆ. ಪರಿಸರ ಅನುಮತಿ ಸಿಕ್ಕೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ 30 ದಿನದೊಳಗೆ ಆಗಬೇಕು. ತಡವಾದದ್ದಕ್ಕೆ ತಕ್ಕ ಕಾರಣ ಇದ್ದರೆ ಇನ್ನು 60 ದಿನ ಕೊಡಬಹುದು, ಅದರಾಚೆ ಒಂದು ದಿನವೂ ಇಲ್ಲ. ನಮ್ಮ ಕಡೆಯವರಿಗೆ ಪೀಠ ಇರುವುದು ಚೆನ್ನೈಯಲ್ಲಿ. ವಕೀಲರನ್ನು ಆಗ ಹುಡುಕಲು ಹೊರಟರೆ ದಿನ ಮುಗಿದಿರುತ್ತದೆ, ಈಗಲೇ ಒಬ್ಬರನ್ನು ಮಾತಾಡಿಸಿ ಇಟ್ಟುಕೊಳ್ಳಿ.

ಅಧಿಸೂಚನೆ ಬಂದ ದಿನ

ಬಂದರೆ ಸಿಹಿ ಹಂಚುವ ಮೊದಲು ರಾಜ್ಯಪತ್ರದ ಪ್ರತಿ ತೆಗೆದು ಸರ್ವೆ ನಂಬರ್‌ಗಳನ್ನು ಒಂದೊಂದಾಗಿ ನಿಮ್ಮ ನಕಾಶೆ ಜೊತೆ ಹೋಲಿಸಿ ನೋಡಿ. ಒಂದು ಅಂಕಿ ಹೆಚ್ಚುಕಡಿಮೆ ಆದರೂ ಗಡಿ ಬೇರೆ ಕಡೆ ಹೋಗುತ್ತದೆ. ತಪ್ಪಿದ್ದರೆ ತಿದ್ದುಪಡಿ ಅಧಿಸೂಚನೆಗೆ ಆ ವಾರವೇ ಬರೆಯಿರಿ. ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯಿಂದ ಯಾರು ಹೋಗಬೇಕು ಅಂತ ಮುಂದಿನ ಸಭೆಯಲ್ಲೇ ತೀರ್ಮಾನ ಮಾಡಿ, ಆ ಕುರ್ಚಿ ಖಾಲಿ ಇರಬಾರದು.

ನಮ್ಮದು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಎರಡನೇ ಸಲ ಕೊಟ್ಟ ಮನವಿ ಈಗ ಜಿಲ್ಲಾ ಕೇಂದ್ರದಲ್ಲಿದೆ. ಹೋದ ತಿಂಗಳು ಹೋಗಿ ಕಡತದ ಸಂಖ್ಯೆ ಹೇಳಿದೆ, ತೆಗೆದು ತೋರಿಸಿದರು. ಟಿಪ್ಪಣಿಯ ಮೊದಲ ಸಾಲಿನಲ್ಲೇ ನಮ್ಮ ಹಳ್ಳದ ಎರಡೂ ಹೆಸರು ಇತ್ತು, ನಡುವೆ "ಅಥವಾ" ಅಂತ ಬರೆದು.